ಏಳನೇ ಕೇಂದ್ರ ಇಲ್ಲದ ಚಳಿಗಾಲ

ಉಲಾನ್‌ಬಾತರ್
ಸೆಪ್ಟೆಂಬರ್ 29, 2024

ಶ್ರೀವಿದ್ಯಾ,

ಬಂದು ಸೇರಿ ಒಂಬತ್ತು ದಿನವಾಯಿತು. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನ್ನ ಎಡಗಿವಿಗೆ ಹೋಗಿ ಅಲ್ಲೇ ಉಳಿಯಿತು. ಅದಕ್ಕೇ ಇನ್ನು ಮೇಲೆ ಬರೆಯುತ್ತೇನೆ, ನೀನೂ ಬರೆ. ಆಫೀಸಿನ ವರದಿ ಆಫೀಸಿನ ವಿಳಾಸಕ್ಕೆ ಹೋಗುತ್ತದೆ. ಇದು ಸೋದರಮಾವ ಸೊಸೆಗೆ ಬರೆಯುವುದು.

ಮೂವತ್ತೊಂದು ವರ್ಷ ಮೈಸೂರಿನಲ್ಲಿ ಗಾಳಿ ಅಳೆಯುವ ಯಂತ್ರಗಳನ್ನು ಬಿಚ್ಚಿ ಜೋಡಿಸಿದವನನ್ನು, ನಿವೃತ್ತನಾಗಿ ಮೂರು ವರ್ಷವಾದ ಮೇಲೆ, ನಿಮ್ಮ ಸಿಂಗಾಪುರದ ಕಂಪನಿ ಎಂಟು ತಿಂಗಳಿಗೆ ಕರೆಸಿಕೊಂಡಿದೆ. ಇದು ನಿನ್ನ ಮಾತಿನಿಂದ ಆದದ್ದು ಎಂದು ನನಗೆ ಗೊತ್ತು. ನಿನ್ನ ಅತ್ತೆ ಹೋದ ಮೇಲೆ ನಾನು ಸ್ಕ್ರೂಡ್ರೈವರ್ ಮುಟ್ಟಿರಲಿಲ್ಲ.

ಊರು ಸುತ್ತ ಬೆಟ್ಟಗಳ ನಡುವೆ ಬಾಣಲೆಯ ತಳದಲ್ಲಿ ಕೂತಿದೆ. ನಡುವೆ ದೊಡ್ಡ ಕಟ್ಟಡಗಳು, ಬಿಸಿನೀರಿನ ಕೊಳವೆಗಳು. ಬೆಟ್ಟದ ಇಳಿಜಾರಿನ ತುಂಬ ಗೆರ್‌ಗಳು. ಗೆರ್ ಎಂದರೆ ಉಣ್ಣೆಯ ಕಂಬಳಿ ಹೊದಿಸಿದ ದುಂಡನೆಯ ಗುಡಾರದ ಮನೆ. ಒಂದೊಂದರ ನೆತ್ತಿಯಲ್ಲೂ ಒಂದು ಹೊಗೆಕೊಳವೆ, ಒಳಗೆ ಕಲ್ಲಿದ್ದಲ ಉಂಡೆ ಉರಿಸುವ ಒಲೆ. ಈಗಿನ್ನೂ ಎಲ್ಲರೂ ಒಲೆ ಹಚ್ಚಿಲ್ಲ. ಆಕಾಶ ತೊಳೆದಿಟ್ಟಂತಿದೆ.

ನನ್ನ ಪಾಲಿಗೆ ಏಳು ಕೇಂದ್ರಗಳು. ಆರು ಕೆಳಗಿನ ಊರಿನಲ್ಲಿವೆ. ಏಳನೆಯದು ಬೆಟ್ಟದ ಮೇಲಿನ ಒಂದು ಶಿಶುವಿಹಾರದ ಚಾವಣಿಯಲ್ಲಿದೆ, ಇಪ್ಪತ್ತೆರಡು ಮೆಟ್ಟಿಲ ಏಣಿ ಹತ್ತಬೇಕು. ಅಲ್ಲಿನ ಮುಖ್ಯ ಶಿಕ್ಷಕಿ ಓಯುನ್ ಎಂಬಾಕೆಗೆ ಇಂಗ್ಲಿಷ್ ಬರುತ್ತದೆ. ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು. ನಾನು ಕುಡಿದ ಮುಖ ನೋಡಿ ಅವಳ ನಾಲ್ಕು ವರ್ಷದ ಮಗಳು ನೋಮಿನ್ ನೆಲಕ್ಕೆ ಬಿದ್ದು ನಕ್ಕಳು.

ಸಾಗರ್‌ಗೂ ಆತ್ರೇಯನಿಗೂ ನನ್ನ ಆಶೀರ್ವಾದ.

ನಿನ್ನ ಬದರಿ ಮಾವ


ಬುಕಿತ್ ಬಾಟೋಕ್, ಸಿಂಗಾಪುರ
ಅಕ್ಟೋಬರ್ 13, 2024

ಮಾವ,

ನಿಮ್ಮ ಪತ್ರ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಓದಿ ನಕ್ಕೆ. ಚಹಾ ಕುಡಿದ ನಿಮ್ಮ ಮುಖ ನನಗೂ ಕಾಣಿಸಿತು.

ಇಲ್ಲಿ ಎರಡು ದಿನದಿಂದ ಸುಟ್ಟ ವಾಸನೆ. ಪಕ್ಕದ ದ್ವೀಪದ ಕಾಡಿನ ಬೆಂಕಿ ಇರಬಹುದು ಅನ್ನುತ್ತಾರೆ. ಅಂಕಿ ಅಂಥ ಕೆಟ್ಟದಾಗೇನೂ ಇಲ್ಲ, ಆದರೆ ಆತ್ರೇಯನ ಉಬ್ಬಸ ಅಂಕಿ ನೋಡಿಕೊಂಡು ಬರುವುದಿಲ್ಲವಲ್ಲ. ಕಟ್ಟಡದ ಬುಡದ ತೆರೆದ ವಾಯ್ಡ್ ಡೆಕ್‌ನಲ್ಲಿ ಆಡಲು ಬಿಡದೆ ಮನೆಯಲ್ಲೇ ಕೂರಿಸಿದ್ದೇನೆ. ಮಾಸ್ಕ್ ಹಾಕು ಅಂದರೆ, "ಡೋಂಟ್ ವಾಂಟ್ ಲಾ, ಅಮ್ಮಾ!" ಅಂತ ಅರಚುತ್ತಾನೆ. ಸಾಗರ್ ಈಗ ಮನೆಯಿಂದಲೇ ಕೆಲಸ ಮಾಡುತ್ತಾರೆ, ಹಾಗಾಗಿ ಅವನನ್ನು ನೋಡಿಕೊಳ್ಳುವುದು ಸುಲಭವಾಗಿದೆ.

ಕೆಲಸದ್ದು ಒಂದು ಮಾತು. ಐದು ಚಳಿಗಾಲಗಳಲ್ಲಿ ಆ ಊರಿನ ಗಾಳಿ ಎಷ್ಟು ಸುಧಾರಿಸಿದೆ ಅನ್ನುವ ವರದಿ ನನ್ನ ಹೊಣೆ. ಡಿಸೆಂಬರ್ ಮಧ್ಯದ ತನಕದ ಅಂಕಿ ತೆಗೆದುಕೊಳ್ಳುತ್ತೇವೆ. ಅದರ ಮೇಲೆಯೇ ಯಾವ ಶಿಶುವಿಹಾರಗಳಿಗೆ ಏರ್ ಫಿಲ್ಟರ್ ಕೊಡಬೇಕು ಅನ್ನುವ ಪಟ್ಟಿ ಆಗುತ್ತದೆ. ಏಳನೇ ಕೇಂದ್ರದ ಅಂಕಿ ಈಗಲೇ ಉಳಿದ ಆರರ ಎರಡರಷ್ಟಿದೆ. ಒಮ್ಮೆ ಕ್ಯಾಲಿಬ್ರೇಟ್ ಮಾಡಿ ನೋಡುತ್ತೀರಾ? ಯಂತ್ರ ಹಳೆಯದು, ತಪ್ಪು ತೋರಿಸುತ್ತಿರಬಹುದು.

ಬೆಚ್ಚಗಿರಿ. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ.

ನಿಮ್ಮ ಶ್ರೀವಿದ್ಯಾ


ಉಲಾನ್‌ಬಾತರ್
ನವೆಂಬರ್ 17, 2024

ಶ್ರೀವಿದ್ಯಾ,

ಏಳನೇ ಕೇಂದ್ರವನ್ನು ಒಮ್ಮೆಯಲ್ಲ, ಮೂರು ಸಲ ಪರೀಕ್ಷಿಸಿದೆ. ಐದನೇ ಕೇಂದ್ರದ ಯಂತ್ರವನ್ನು ಹೊತ್ತುಕೊಂಡು ಹೋಗಿ ಅದರ ಪಕ್ಕದಲ್ಲಿಟ್ಟು ಎರಡು ದಿನ ಓಡಿಸಿದೆ. ಎರಡೂ ಒಂದೇ ಮಾತು ಹೇಳಿದವು. ನವೆಂಬರ್ 9ರಂದು ಕರೆಂಟು ಹೋಗಿ ಗಾಳಿ ಎಳೆಯುವ ಕೊಳವೆಯ ಹೀಟರ್ ಕೈಕೊಟ್ಟಿತ್ತು. ಮರುದಿನವೇ ಬದಲಾಯಿಸಿದೆ. ಆ ಒಂದು ದಿನ ಬಿಟ್ಟರೆ ಉಳಿದೆಲ್ಲ ಅಂಕಿಯೂ ಸರಿ. ನಂಬು.

ಈಗ ಎಲ್ಲ ಒಲೆಗಳೂ ಉರಿಯುತ್ತಿವೆ. ಇವತ್ತು ಸೊನ್ನೆಗಿಂತ ಇಪ್ಪತ್ತನಾಲ್ಕು ಕೆಳಗೆ. ತಣ್ಣನೆಯ ಗಾಳಿ ಬಾಣಲೆಯ ತಳದಲ್ಲಿ ಅಲುಗದೆ ಕೂತಿದೆ, ಅದರ ಮೇಲೆ ಹೊಗೆ ಮುಚ್ಚಳ ಹಾಕಿದಂತಿದೆ. ಬೆಳಿಗ್ಗೆ ಹತ್ತಕ್ಕೆ ಏಣಿಯ ಬುಡದಲ್ಲಿ ನಿಂತರೆ ಮೇಲಿನ ಮೆಟ್ಟಿಲು ಕಾಣುವುದಿಲ್ಲ. ನಾಲಿಗೆಗೆ ನಾಣ್ಯ ಇಟ್ಟುಕೊಂಡ ರುಚಿ. ಇವರನ್ನು ಬೈಯಲೂ ಆಗದು. ಒಲೆ ಆರಿಸಿದರೆ ಬೆಳಗಾಗುವುದರೊಳಗೆ ಮಕ್ಕಳು ಸೆಟೆದುಹೋಗುತ್ತವೆ.

ಮಧ್ಯಾಹ್ನ ಊಟವಾದ ಮೇಲೆ ನಲವತ್ತು ಮಕ್ಕಳು ಸಾಲಾಗಿ ಮಲಗುತ್ತವೆ. ಚಾವಣಿಯಿಂದ ಇಳಿಯುವಾಗ ಕೆಮ್ಮು ಕೇಳುತ್ತದೆ. ಒಂದು ಮಗು ಶುರುಮಾಡಿದರೆ ಸಾಲಿನುದ್ದಕ್ಕೂ ಹೋಗುತ್ತದೆ. ನನ್ನ ಕೆಟ್ಟ ಕಿವಿಗೂ ಕೇಳುವಷ್ಟು. ನೋಮಿನ್‌ಗೆ ಹದಿನೈದು ದಿನದಿಂದ ಬಿಟ್ಟಿಲ್ಲ. ಆದರೂ ನನ್ನನ್ನು ಕಂಡರೆ ಎದ್ದುಬಂದು ಜೇಬಿನಲ್ಲಿ ಕೈಹಾಕಿ ಸ್ಕ್ರೂಗಳನ್ನು ಎಣಿಸುತ್ತಾಳೆ.

ಓಯುನ್ ಕೇಳಿದಳು: "ಈ ಮೆಷಿನ್ ನಾಲ್ಕು ವರ್ಷದಿಂದ ನಮ್ಮ ತಲೆ ಮೇಲೆ ಕೂತಿದೆ. ಅದು ಬರಕೊಂಡಿದ್ದನ್ನ ಯಾರಾದರೂ ಓದ್ತಾರಾ?"

"ಓದ್ತಾರೆ. ಓದೋದು ನನ್ನ ಅಕ್ಕನ ಮಗಳೇ" ಎಂದೆ.

ಆಮೇಲೆ ಅವಳು ಚಹಾಕ್ಕೆ ಉಪ್ಪು ಕಡಿಮೆ ಹಾಕಿಕೊಟ್ಟಳು. ನಾನು ಚೆನ್ನಾಗಿದ್ದೇನೆ.

ನಿನ್ನ ಬದರಿ ಮಾವ


ಸಿಂಗಾಪುರ
ನವೆಂಬರ್ 30, 2024

ಮಾವ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇದರ ಜೊತೆಗೆ ಒಂದು ದುರಸ್ತಿ ಪ್ರಮಾಣಪತ್ರ ಇದೆ. ಏಳನೇ ಕೇಂದ್ರದ ಹೀಟರ್ ಕೆಟ್ಟಿತ್ತು ಅಂತ ನೀವೇ ಬರೆದಿದ್ದಿರಲ್ಲ, ಅದಕ್ಕೆ. ಸುಮ್ಮನೆ ಒಂದು ಫಾರ್ಮಾಲಿಟಿ. ಪ್ರಿಂಟ್ ತೆಗೆದು ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಿ. ದಿನಾಂಕದ ಜಾಗ ಖಾಲಿ ಬಿಡಿ, ಇಲ್ಲಿಯ ಫಾರ್ಮ್ಯಾಟ್ ಬೇರೆ, ನಾನೇ ತುಂಬುತ್ತೇನೆ.

ಅಮ್ಮ ಫೋನ್ ಮಾಡಿದ್ದಳು, ನಿಮ್ಮನ್ನು ಕೇಳಿದಳು. ಚೆನ್ನಾಗಿದ್ದಾರೆ ಅಂದೆ.

ಶ್ರೀವಿದ್ಯಾ


ಉಲಾನ್‌ಬಾತರ್
ಡಿಸೆಂಬರ್ 2, 2024

ಶ್ರೀವಿದ್ಯಾ,

ಸಹಿ ಹಾಕಿ ಕಳಿಸಿದ್ದೇನೆ. ನವೆಂಬರ್ 9, ಒಂದೇ ದಿನ. ನೀನೇ ತುಂಬಿಕೋ.

ನಿನ್ನ ಪತ್ರ ನಾಲ್ಕೇ ಸಾಲಿಗೆ ಇಳಿದಿದೆ. ಕೆಲಸ ಹೆಚ್ಚಾಗಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಾಗರ್ ಮನೆಯಲ್ಲೇ ಇರುವುದರಿಂದ ಅಡಿಗೆಯನ್ನು ಅವನಿಗೆ ಒಪ್ಪಿಸಿಬಿಡು, ಗಂಡಸರಿಗೆ ಸಾರು ಮಾಡಲು ಬರುವುದಿಲ್ಲ ಎನ್ನುವುದು ಗಂಡಸರೇ ಹಬ್ಬಿಸಿದ ಸುಳ್ಳು.

ನಿನ್ನ ಬದರಿ ಮಾವ


ಸಿಂಗಾಪುರ
ಡಿಸೆಂಬರ್ 22, 2024

ಮಾವ,

ವರದಿ ಒಪ್ಪಿಸಿಯಾಯಿತು. ಎಲ್ಲರಿಗೂ ಇಷ್ಟವಾಗಿದೆ. ಗಾಳಿ ಸುಧಾರಿಸುತ್ತಿದೆ ಅನ್ನುವುದು ಐದು ವರ್ಷದ ಗ್ರಾಫಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಡೈರೆಕ್ಟರ್ ನವನೀತ್ ಇಡೀ ತಂಡವನ್ನು ಹಾಕರ್ ಸೆಂಟರ್‌ಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದರು. ಇಲ್ಲಿ ಕೆಲಸ ಮಾಡಲು ಬೇಕಾದ ನನ್ನ ಪಾಸ್ ಇನ್ನೆರಡು ವರ್ಷಕ್ಕೆ ನವೀಕರಣವಾಗುತ್ತದೆ. ಫಿಲ್ಟರ್ ಪಟ್ಟಿ ಜನವರಿಯಲ್ಲಿ ಹೊರಬರುತ್ತದೆ.

ಆತ್ರೇಯನ ಕೋಣೆಗೆ ಹೊಸ ಪ್ಯೂರಿಫೈಯರ್ ತಂದೆವು. ಅದರ ಸದ್ದಿಗೆ ಚೆನ್ನಾಗಿ ನಿದ್ದೆ ಮಾಡುತ್ತಾನೆ.

ಕ್ರಿಸ್‌ಮಸ್ ದೀಪ ನೋಡಲು ಹೋಗಬೇಕು ಅಂತ ಹಟ ಹಿಡಿದಿದ್ದಾನೆ. ಹೊರಡುತ್ತೇನೆ.

ಶ್ರೀವಿದ್ಯಾ


ಉಲಾನ್‌ಬಾತರ್
ಜನವರಿ 14, 2025

ಶ್ರೀವಿದ್ಯಾ,

ಪಟ್ಟಿ ಬಂತು. ಎಲ್ಲೋ ಕಣ್ತಪ್ಪಾಗಿದೆ, ದಯವಿಟ್ಟು ನೋಡು. ಊರಿನ ಹದಿನೆಂಟು ಶಿಶುವಿಹಾರಗಳಿಗೆ ಫಿಲ್ಟರ್ ಯಂತ್ರ ಬಂದಿದೆ. ಒಂದನೇ ಕೇಂದ್ರದ ಹತ್ತಿರದ್ದಕ್ಕೂ ಬಂದಿದೆ, ಅಲ್ಲಿನ ಗಾಳಿ ಬೆಟ್ಟದ ಮೇಲಿನದಕ್ಕೆ ಹೋಲಿಸಿದರೆ ನಮ್ಮ ಚಾಮುಂಡಿ ಬೆಟ್ಟದ ಗಾಳಿ. ಓಯುನ್‌ಳ ಶಿಶುವಿಹಾರದ ಹೆಸರೇ ಇಲ್ಲ. ಟೈಪು ಮಾಡುವಾಗ ಒಂದು ಸಾಲು ಬಿಟ್ಟುಹೋಗಿರಬೇಕು.

ನೋಮಿನ್ ಆಸ್ಪತ್ರೆಯಲ್ಲಿದ್ದಾಳೆ. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ನಿನ್ನೆ ನೋಡಿಬಂದೆ. ಒಂದು ಮಂಚಕ್ಕೆ ಇಬ್ಬರು ಮಕ್ಕಳು, ತಾಯಂದಿರು ಓಣಿಯಲ್ಲಿ ಕೂತಿದ್ದಾರೆ. ನನ್ನ ಜೇಬಿಗೆ ಕೈ ಹಾಕಿದಳು, ಎಣಿಸಲಿಲ್ಲ.

"ಪಟ್ಟೀಲಿ ನಾವಿಲ್ಲ, ನೋಡಿದೆ" ಎಂದಳು ಓಯುನ್.

"ತಪ್ಪಾಗಿದೆ ಅಷ್ಟೇ. ನಾನು ಬರೀತೀನಿ, ಸರಿ ಮಾಡ್ತಾರೆ."

"ಬೇಗ ಬರೀರಿ" ಎಂದಳು.

ಅದಕ್ಕೇ ಇವತ್ತೇ ಬರೆದೆ. ನೋಡಿ ಹೇಳು.

ಬದರಿ ಮಾವ


ಸಿಂಗಾಪುರ
ಜನವರಿ 19, 2025

ಮಾವ,

ಪಟ್ಟಿ ನಮ್ಮ ಕೈಯಲ್ಲಿಲ್ಲ. ಕೆಲವು ತಾಂತ್ರಿಕ ಕಾರಣಗಳಿಂದ ಆ ಭಾಗ ಮುಂದಿನ ಹಂತಕ್ಕೆ ಹೋಗಿದೆ. ಬರುವ ಚಳಿಗಾಲಕ್ಕೆ ಖಂಡಿತ ಆಗುತ್ತದೆ. ನೀವು ಅಲ್ಲಿ ಯಾರಿಗೂ ಏನೂ ಮಾತು ಕೊಡಬೇಡಿ, ಪ್ಲೀಸ್.

ಆ ಮಗುವಿನ ವಿಷಯ ಓದಿ ಕಷ್ಟವಾಯಿತು. ಆತ್ರೇಯನ ಕೋಣೆಯ ಪ್ಯೂರಿಫೈಯರನ್ನು ನಿನ್ನೆಯೇ ಪ್ಯಾಕ್ ಮಾಡಿ ನಿಮ್ಮ ವಿಳಾಸಕ್ಕೆ ಕೊರಿಯರ್ ಮಾಡಿದ್ದೇನೆ. ಮಕ್ಕಳು ಮಲಗುವ ಕೋಣೆಯಲ್ಲಿಡಿ. ಯಾರು ಕಳಿಸಿದ್ದು ಅಂತ ಹೇಳಬೇಕಾಗಿಲ್ಲ.

ಶ್ರೀವಿದ್ಯಾ


ಉಲಾನ್‌ಬಾತರ್
ಫೆಬ್ರುವರಿ 3, 2025

ಶ್ರೀವಿದ್ಯಾ,

ಜನವರಿ 27ರ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ನೋಮಿನ್ ಹೋದಳು.

ನಿನ್ನ ಯಂತ್ರ ಸುಂಕದ ಕಟ್ಟೆಯಲ್ಲಿ ನಿಂತಿತ್ತು, ಮೂವತ್ತನೇ ತಾರೀಖು ಕೈಗೆ ಬಂತು. ನಿನಗೆ ಎಷ್ಟು ಮರುಕ ಎಂದುಕೊಂಡು ಅದನ್ನು ಶಿಶುವಿಹಾರಕ್ಕೆ ಕೊಂಡೊಯ್ದೆ. ಮಲಗುವ ಕೋಣೆಯಲ್ಲಿಟ್ಟೆ.

ಇವತ್ತು ಬೆಳಿಗ್ಗೆ ನಗರದ ಕಚೇರಿಗೆ ಹೋಗಿ ಪಟ್ಟಿಯ ಬಗ್ಗೆ ಕೇಳಿದೆ. ಅಲ್ಲಿನ ಹುಡುಗಿ ನಿಮ್ಮ ವರದಿಯ ಅಚ್ಚಾದ ಪ್ರತಿ ತಂದುಕೊಟ್ಟು ಒಂದು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟಳು. 'ಅಕ್ಟೋಬರ್ 1ರಿಂದ ಡಿಸೆಂಬರ್ 15ರವರೆಗೆ ಯಂತ್ರದೋಷವಿದ್ದ ಕಾರಣ ಏಳನೇ ಕೇಂದ್ರದ ಅಂಕಿಗಳನ್ನು ಕೈಬಿಡಲಾಗಿದೆ. ಕ್ಷೇತ್ರ ಎಂಜಿನಿಯರರ ಪ್ರಮಾಣಪತ್ರ ಲಗತ್ತಿಸಿದೆ.' ಅಂಕಿ ಇಲ್ಲದ ಪ್ರದೇಶ ಪಟ್ಟಿಗೆ ಬರುವುದಿಲ್ಲವಂತೆ. ಪುಟ ತಿರುಗಿಸಿದೆ. ಸಹಿ ನನ್ನದು. ನಾನು ಸಹಿ ಹಾಕಿದ್ದು ಡಿಸೆಂಬರ್ 2ಕ್ಕೆ, ದೋಷ ಮಾತ್ರ ಡಿಸೆಂಬರ್ 15ರ ತನಕ ಇದೆ. ಅದನ್ನೂ ಯಾರೂ ಗಮನಿಸಿಲ್ಲ.

ಹಿಂದಿನ ನಾಲ್ಕು ಚಳಿಗಾಲದ ಲೆಕ್ಕದಲ್ಲಿ ಏಳನೇ ಕೇಂದ್ರವಿದೆ. ಈ ಚಳಿಗಾಲದಲ್ಲಿ ಮಾತ್ರ ಇಲ್ಲ. ಎಲ್ಲಕ್ಕಿಂತ ಕೊಳಕು ಗಾಳಿಯನ್ನು ಕೊನೆಯ ವರ್ಷ ತೆಗೆದುಹಾಕಿದರೆ ಗ್ರಾಫ್ ಇಳಿಯದೆ ಇನ್ನೇನು ಮಾಡುತ್ತದೆ?

ಫಿಲ್ಟರ್ ಬಂದಿದ್ದರೆ ಮಗು ಉಳಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ.

ಅಲ್ಲಿಂದ ನೇರವಾಗಿ ಓಯುನ್‌ಳ ಬಳಿಗೆ ಹೋಗಿ ಕಾಗದ ತೋರಿಸಿ, "ಇದು ನನ್ನ ಸಹಿ" ಎಂದೆ. ಅವಳು ಕಾಗದ ತೆಗೆದುಕೊಂಡು ಎರಡೂ ಬದಿ ಓದಿದಳು. ಕೊನೆಗೆ, "ನೀವು ಓದದೇ ಸಹಿ ಹಾಕಿದ್ರಾ?" ಎಂದು ಕೇಳಿದಳು.

"ಓದೋಕೆ ಅಲ್ಲಿ ಏನೂ ಬರೆದಿರಲಿಲ್ಲ" ಎಂದೆ.

ವರದಿ ಮಾಡಿಸಿದವರಿಗೆ, ಎಂದರೆ ಈ ಯೋಜನೆಗೆ ಹಣ ಕೊಡುವವರಿಗೆ, ನಾಳೆ ಬರೆಯುತ್ತೇನೆ. ಖಾಲಿ ಫಾರಂಗೆ ಸಹಿ ಹಾಕಿದ್ದು ನನ್ನ ತಪ್ಪು ಎಂದೂ ಬರೆಯುತ್ತೇನೆ.

ಬದರಿನಾಥ


ಸಿಂಗಾಪುರ
ಫೆಬ್ರುವರಿ 26, 2025

ಮಾವ,

ಇಪ್ಪತ್ತಮೂರು ದಿನ ನಿಮಗೆ ಬರೆಯಲಿಲ್ಲ. ನೀವೂ ಬರೆಯಲಿಲ್ಲ. ನಿಮ್ಮ ಕೋಪ ನ್ಯಾಯವಾದದ್ದು, ಆದರೂ ಇದನ್ನು ಪೂರ್ತಿ ಓದಿ.

ಸಾಗರ್ ಮನೆಯಿಂದ ಕೆಲಸ ಮಾಡುತ್ತಿಲ್ಲ. ಕಳೆದ ಜುಲೈನಲ್ಲೇ ಅವರ ಕೆಲಸ ಹೋಯಿತು. ಅವರೂ ಆತ್ರೇಯನೂ ಇಲ್ಲಿರುವುದು ನನ್ನ ಪಾಸ್‌ನ ಮೇಲೆ. ಅಮ್ಮನಿಗೂ ಹೇಳಿಲ್ಲ.

ನವೆಂಬರ್ ಕೊನೆಗೆ ನವನೀತ್ ಮೀಟಿಂಗ್ ರೂಮಿಗೆ ಕರೆದರು. "ನೋಡಿ ಶ್ರೀವಿದ್ಯಾ, ಏಳನ್ನ ಇಟ್ಕೊಂಡ್ರೆ ಐದು ವರ್ಷದಲ್ಲಿ ಮೂರು ಪರ್ಸೆಂಟ್ ಇಳಿದಿದೆ. ತೆಗೆದ್ರೆ ಇಪ್ಪತ್ತಾರು. ಮೂರು ಪರ್ಸೆಂಟ್‌ಗೆ ಯಾರು ಪ್ರಾಜೆಕ್ಟ್ ಮುಂದುವರಿಸ್ತಾರೆ ಹೇಳಿ?"

"ಸರ್, ಡೇಟಾ ಸರಿಯಾಗಿದೆ. ಮಾವ ಮೂರು ಸಲ ಚೆಕ್ ಮಾಡಿದಾರೆ."

"ಹೀಟರ್ ಕೆಟ್ಟಿತ್ತು ಅಂತ ಲಾಗ್‌ನಲ್ಲಿದೆಯಲ್ಲ. ಯಾವತ್ತು ಕೆಟ್ಟಿತು, ಯಾವತ್ತು ಸರಿಹೋಯ್ತು, ಅದನ್ನ ನೀವು ಡಿಸೈಡ್ ಮಾಡಿ. ನಿಮ್ ಪಾಸ್ ರಿನ್ಯೂವಲ್ ಲೆಟರ್‌ಗೆ ನಾನು ಸೈನ್ ಮಾಡ್ಬೇಕು ಅಲ್ವಾ?"

ಅವರು ನಗುತ್ತಲೇ ಹೇಳಿದರು. ನಾನು ದಿನಾಂಕ ಬರೆದೆ. ಬರೆಯುವಾಗ ನನಗೆ ನಾನೇ ಹೇಳಿಕೊಂಡೆ, ಪ್ರಾಜೆಕ್ಟ್ ಉಳಿದರೆ ಮುಂದಿನ ವರ್ಷ ಅವರಿಗೂ ಸಿಗುತ್ತದೆ ಅಂತ.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ನಿಮ್ಮ ದೂರು ಬಂದ ಮೇಲೆ ಆಫೀಸಿನಲ್ಲಿ ವಿಚಾರಣೆ ಮಾಡಿದರು. ಮೂವರು ಕೂತಿದ್ದರು. ದಿನಾಂಕ ತುಂಬಿದ್ದು ಯಾರು ಅಂತ ಕೇಳಿದರು. ಫಾರಂ ಬಂದಾಗಲೇ ದಿನಾಂಕ ಇತ್ತು ಅಂದೆ. ಹಾಗಂದೆ, ಮಾವ. ವಯಸ್ಸಾದವರು, ಮರೆತಿರಬೇಕು ಅಂತಲೂ ಅಂದೆ.

ನಿಮ್ಮ ಒಪ್ಪಂದ ರದ್ದು ಮಾಡುವ ಪತ್ರ ಈ ವಾರ ಬರುತ್ತದೆ. ಅದು ಬರುವ ಮುಂಚೆ ಇದನ್ನು ನನ್ನಿಂದಲೇ ತಿಳಿಯಬೇಕು ಅನ್ನಿಸಿತು. ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಶ್ರೀವಿದ್ಯಾ


ಉಲಾನ್‌ಬಾತರ್
ಮಾರ್ಚ್ 9, 2025

ಶ್ರೀವಿದ್ಯಾ,

ಬರೆಯದೆ ಇದ್ದದ್ದು ಕೋಪದಿಂದಲ್ಲ. ಫೆಬ್ರುವರಿ 8ರಿಂದ ಇಪ್ಪತ್ತನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ನವೆಂಬರಿನಿಂದಲೇ ಏಣಿ ಹತ್ತುವಾಗ ಉಸಿರು ಸಾಲುತ್ತಿರಲಿಲ್ಲ, ನಿನಗೆ ಹೇಳಿರಲಿಲ್ಲ. ಎಡ ಶ್ವಾಸಕೋಶದ ಕೆಳಗಿನ ಭಾಗ ಇನ್ನು ಕೆಲಸಕ್ಕೆ ಬರುವುದಿಲ್ಲವಂತೆ. ಅಕ್ಕನಿಗೆ ತಿಳಿಸಬೇಡ. ನಿನ್ನ ಪತ್ರ ಓದಿದ್ದು ಮನೆಗೆ ಬಂದ ಮೇಲೆ. ಒಪ್ಪಂದ ರದ್ದಾದ ಪತ್ರವನ್ನೂ ಅದರ ಜೊತೆಗೇ ಓದಿದೆ.

ಆಸ್ಪತ್ರೆಗೆ ಓಯುನ್ ಬರುತ್ತಿದ್ದಳು. ಮಗಳನ್ನು ಕಳೆದುಕೊಂಡ ಅದೇ ಕಟ್ಟಡ. ಮೂರನೇ ಸಲ ಬಂದಾಗ ಒಂದು ದಪ್ಪ ಪುಸ್ತಕ ತಂದಳು. ಶಿಶುವಿಹಾರದ ಹಾಜರಿ ಪುಸ್ತಕ. ನಾಲ್ಕು ವರ್ಷದಿಂದ ಪ್ರತಿದಿನ ಮಧ್ಯಾಹ್ನ, ಮಕ್ಕಳು ಮಲಗಿದ ಮೇಲೆ, ಅವಳು ಒಳಗಿನ ಪುಟ್ಟ ಪರದೆಯಲ್ಲಿ ಯಂತ್ರದ ಅಂಕಿ ನೋಡಿ ಅಂಚಿನಲ್ಲಿ ಬರೆದಿಡುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. ಒಂದು ಕಡೆ ಅಂಕಿ, ಪಕ್ಕದಲ್ಲಿ ಗೈರುಹಾಜರಾದ ಮಕ್ಕಳ ಸಂಖ್ಯೆ. ಮೊದಲನೆಯದು ಏರಿದ ಎರಡು ದಿನಕ್ಕೆ ಎರಡನೆಯದೂ ಏರುತ್ತದೆ. ಯಂತ್ರ ಕೆಟ್ಟಿದ್ದರೆ ಹಾಗಾಗುತ್ತಿರಲಿಲ್ಲ. ಜನವರಿಯ ಪುಟದಲ್ಲಿ ಒಂದು ಹೆಸರಿನ ಮುಂದೆ ಹತ್ತೊಂಬತ್ತು ಗೈರು, ಆಮೇಲೆ ಗೆರೆ.

"ಇದನ್ನ ಯಾರಿಗೆ ಕೊಡಬೇಕು?" ಎಂದು ಕೇಳಿದಳು.

ಎಲ್ಲ ಪುಟಗಳ ಫೋಟೋ ಇದರ ಜೊತೆಗಿವೆ. ನಾನು ಇನ್ನೂ ಯಾರಿಗೂ ಕಳಿಸಿಲ್ಲ. ಓದೋದು ನನ್ನ ಅಕ್ಕನ ಮಗಳು ಎಂದು ಹೇಳಿದ್ದೆ, ಅದಕ್ಕೆ ನಿನಗೆ ಕಳಿಸಿದ್ದೇನೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ಬದರಿನಾಥ


ಸಿಂಗಾಪುರ
ಮಾರ್ಚ್ 30, 2025

ಮಾವ,

ಆ ಪುಟಗಳನ್ನು ಆಫೀಸಿನಲ್ಲಿ ತೆರೆಯಲಾಗಲಿಲ್ಲ. ಮನೆಯ ಕೆಳಗೆ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು ಓದಿದೆ. ಭಾಷೆ ಬಾರದಿದ್ದರೂ ಅಂಕಿ ಓದಲು ಬರುತ್ತದಲ್ಲ. ಎರಡು ದಿನದ ಅಂತರ ನೀವು ಹೇಳಿದ ಹಾಗೇ ಇದೆ.

ಸಾಗರ್‌ಗೆ ತೋರಿಸಿದೆ. "ಇದು ಕಳಿಸಿದ್ರೆ ನಾವು ಮೂವತ್ತು ದಿನದಲ್ಲಿ ಈ ದೇಶ ಬಿಡ್ಬೇಕು, ಗೊತ್ತಾ? ಆತ್ರೇಯನ ಸ್ಕೂಲು?" ಅಂದರು. ಗೊತ್ತು ಅಂದೆ. ಮೂರನೇ ದಿನ ಅವರೇ ಬಂದು, ಯಾವ ಪುಟ ಮೊದಲು ಇಡಬೇಕು ಅಂತ ನೋಡಲು ನನ್ನ ಪಕ್ಕ ಕೂತರು.

ಹದಿನೇಳಕ್ಕೆ ವರದಿ ಮಾಡಿಸಿದವರಿಗೆ ಎಲ್ಲವನ್ನೂ ಕಳಿಸಿದೆ. ದಿನಾಂಕ ನನ್ನ ಕೈಬರಹ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ, ನಿಮ್ಮ ಮೇಲೆ ತಪ್ಪು ಹೊರಿಸಿದೆ ಅಂತ ಸಹಿ ಹಾಕಿ ಕೊಟ್ಟೆ. ಹತ್ತೊಂಬತ್ತಕ್ಕೆ ಕೆಲಸ ಹೋಯಿತು. ನವನೀತ್ ತಮಗೆ ಏನೂ ಗೊತ್ತಿರಲಿಲ್ಲ ಅಂದರು. ಮೀಟಿಂಗ್ ರೂಮಿನಲ್ಲಿ ಇದ್ದದ್ದು ನಾವಿಬ್ಬರೇ. ಅವರು ಇನ್ನೂ ಅಲ್ಲೇ ಇದ್ದಾರೆ.

ವರದಿ ವಾಪಸ್ಸಾಗಿದೆ. ಏಳನೇ ಕೇಂದ್ರ ಸೇರಿಸಿದರೆ ಇಳಿಕೆ ಮೂರು ಪರ್ಸೆಂಟ್. ಬೆಟ್ಟದ ಮೇಲಿನ ನಾಲ್ಕು ಶಿಶುವಿಹಾರಗಳು ಪಟ್ಟಿಗೆ ಸೇರಿವೆ, ಯಂತ್ರಗಳು ಅಕ್ಟೋಬರ್‌ಗೆ ಬರುತ್ತವೆ. ನಿಮ್ಮನ್ನು ವಾಪಸ್ ನೇಮಿಸಿಕೊಳ್ಳುತ್ತಾರಂತೆ.

ನಾವು ಏಪ್ರಿಲ್ 17ಕ್ಕೆ ಬೆಂಗಳೂರಿಗೆ ಹೊರಡುತ್ತೇವೆ. ಅಮ್ಮನಿಗೆ ನಾನೇ ಹೇಳುತ್ತೇನೆ, ನನ್ನದು ಮಾತ್ರ.

ಇದರ ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಇದೆ, ಓಯುನ್ ಅವರಿಗೆ. ಹನ್ನೊಂದು ಸಲ ಬರೆದೆ. ಕ್ಷಮಿಸಿ ಅನ್ನುವ ಪದ ಎಲ್ಲೂ ಹಾಕಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ಮಾತ್ರ ಬರೆದಿದ್ದೇನೆ. ಅವರಿಗೆ ಕೊಡುತ್ತೀರಾ?

ಶ್ರೀವಿದ್ಯಾ


ಉಲಾನ್‌ಬಾತರ್
ಏಪ್ರಿಲ್ 13, 2025

ಶ್ರೀವಿದ್ಯಾ,

ಮೇ ಕೊನೆಯವರೆಗೆ ಇರಲು ಒಪ್ಪಿದ್ದೇನೆ. ಏಣಿ ಹತ್ತಲಾಗದು, ಇಲ್ಲಿನ ಒಬ್ಬ ಎಂಜಿನಿಯರ್ ಹುಡುಗಿಗೆ ಕೆಳಗೆ ನಿಂತು ಹೇಳಿಕೊಡುತ್ತಿದ್ದೇನೆ. ಆಮೇಲೆ ನೇರವಾಗಿ ಮೈಸೂರಿಗೆ ಹೋಗುತ್ತೇನೆ. ನೀವು ಬೆಂಗಳೂರಿನಲ್ಲಿ ನೆಲೆ ನಿಂತ ಮೇಲೆ ನೋಡೋಣ. ಈಗಲೇ ನಿನ್ನ ಎದುರು ಕೂತು ಏನು ಮಾತಾಡಬೇಕು ಎನ್ನುವುದು ನನಗೂ ತಿಳಿಯದು.

ನಿನ್ನ ಪತ್ರವನ್ನು ಶುಕ್ರವಾರ ಓಯುನ್‌ಗೆ ಕೊಟ್ಟೆ. ಮಕ್ಕಳು ಊಟಕ್ಕೆ ಕೂತಿದ್ದವು. ಬಾಗಿಲ ಹತ್ತಿರ ನಿಂತುಕೊಂಡೇ ಓದಿದಳು. ಎರಡನೇ ಪುಟವನ್ನು ಎರಡು ಸಲ ಓದಿದಳು. ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟಳು.

"ಅವಳಿಗೆ ಮಗು ಇದೆಯಾ?" ಎಂದು ಕೇಳಿದಳು.

"ಇದೆ. ಮಗ."

"ಎಷ್ಟು ವರ್ಷ?"

"ಆರು" ಎಂದೆ.

ಮತ್ತೇನಾದರೂ ಕೇಳುತ್ತಾಳೆಂದು ಕಾದೆ. ಒಳಗೆ ಯಾವುದೋ ಮಗು ಬಟ್ಟಲು ಬೀಳಿಸಿತು, ಅವಳು ಒರೆಸಲು ಹೋದಳು.

ಬದರಿನಾಥ